ಕಾಜಾ ಅಜ್ಜಿಯ ಕಾಗದದ ಕೊನೇ ಸಾಲು

ಉಪಕಾರ ಮಾಡಿದವನಿಗೆ ಥ್ಯಾಂಕ್ಸ್ ಹೇಳೋಕೆ ಹೋಗಿ ಅವನ ಕೆಲಸಕ್ಕೇ ಸಂಚಕಾರ ತರೋದು ಎಲ್ಲರ ಕೈಲೂ ಆಗುವ ಮಾತಲ್ಲ. ಅದಕ್ಕೆ ಇಪ್ಪತ್ತೆಂಟು ವರ್ಷದ ಅನುಭವ ಬೇಕು. ಅರ್ಜಿಯಣ್ಣನಿಗೆ ಅಷ್ಟು ಅನುಭವ ಇತ್ತು, ಅದಕ್ಕೇ ಎಡವಟ್ಟು ಅಷ್ಟು ಅಚ್ಚುಕಟ್ಟಾಗಿ ಆಯಿತು.

ಪಿಂಚಣಿ ಕಚೇರಿಯ ವರಾಂಡದಲ್ಲಿ, ಮೆಟ್ಟಿಲು ಶುರುವಾಗುವ ಮೂಲೆಯಲ್ಲಿ ಅವನ ಮೇಜು. ಮೇಜಿನ ಮೇಲೊಂದು ಟೈಪ್‌ರೈಟರು, ಒಂದು ಕಟ್ಟು ಕಾಗದ, ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪರವಾನಗಿ ಚೀಟಿ. ಆ ಕಚೇರಿಗೆ ಅರ್ಜಿ ಇಂಗ್ಲಿಷಿನಲ್ಲೇ ಹೋಗಬೇಕು. ಮೇಲಿನ ಮಹಡಿಯಲ್ಲಿ ಕೂತವರು ಮನೆಯಲ್ಲಿ ಹೆಂಡತಿ ಮಕ್ಕಳ ಹತ್ತಿರ ಏನೇ ಮಾತಾಡಲಿ, ಕಾಗದ ಮಾತ್ರ ಇಂಗ್ಲಿಷಿನಲ್ಲಿದ್ದರೇ ಮುಟ್ಟುವುದು. ಹಾಗಾಗಿ ಜನ ಅರ್ಜಿಯಣ್ಣನ ಎದುರು ಸ್ಟೂಲಿನ ಮೇಲೆ ಕೂತು ತಮ್ಮ ಗೋಳು ಹೇಳಿಕೊಳ್ಳುವುದು, ಅವನು ಅದನ್ನು ಟಕಟಕ ಅಂತ ಇಂಗ್ಲಿಷಿಗೆ ಇಳಿಸುವುದು, ಆಮೇಲೆ ಸಾಲು ಸಾಲಾಗಿ ಅವರ ಮಾತಲ್ಲೇ ಓದಿ ಹೇಳುವುದು, ಕೆಳಗೆ ‘ಓದಿ ವಿವರಿಸಲಾಗಿದೆ’ ಅಂತ ತಾನೂ ಸಹಿ ಹಾಕುವುದು. ಈ ಕೊನೆಯದು ಪರವಾನಗಿಯ ಷರತ್ತು. ಓದದೆ ಸಹಿ ಹಾಕಿದ್ದು ಗೊತ್ತಾದರೆ ಮೇಜು ಎತ್ತಿಸುತ್ತಾರೆ.

ಕಸುಬು ಕಲಿಸಿದ್ದು ಅವನ ಮಾವ. ಟೈಪ್‌ರೈಟರನ್ನೂ ಮಗಳನ್ನೂ ಒಂದೇ ತಿಂಗಳಲ್ಲಿ ಕೊಟ್ಟ ಪುಣ್ಯಾತ್ಮ. ಎರಡರಲ್ಲಿ ಯಾವುದರ ಸದ್ದು ಜಾಸ್ತಿ ಅಂತ ಅರ್ಜಿಯಣ್ಣ ಇನ್ನೂ ತೀರ್ಮಾನ ಮಾಡಿಲ್ಲ. ಮಾವ ಮೊದಲ ದಿನವೇ ಹೇಳಿದ್ದರು: “ನೋಡಪ್ಪಾ, ನಮ್ಮ ಕಸುಬು ಮೂರು ಮಾತಿನ ಮೇಲೆ ನಿಂತಿದೆ. ರಿಕ್ವೆಸ್ಟ್ ಅಂದ್ರೆ ನೆಟ್ಟಗೆ ನಿಂತು ಕೇಳೋದು. ಎಂಟ್ರೀಟ್ ಅಂದ್ರೆ ಸ್ವಲ್ಪ ಬಗ್ಗಿ ಕೇಳೋದು. ಇನ್ನು ಬಿಸೀಚ್... ಅದನ್ನ ಸುಮ್‌ಸುಮ್ನೆ ಮುಟ್ಟಬೇಡ. ರೂಲೂ ನಮ್ಮ ಕಡೆ ಇಲ್ಲ, ಕೈಯಲ್ಲೂ ಏನಿಲ್ಲ, ಎದುರಿಗಿರೋರು ಮನಸ್ಸು ಮಾಡಿದ್ರೆ ಮಾತ್ರ ಉಳೀತೀವಿ ಅನ್ನೋವಾಗ ಬರೋ ಮಾತು ಅದು. ನಾನು ಜೀವಮಾನದಲ್ಲಿ ಒಂಬತ್ತು ಸಲ ಬರೆದಿದೀನಿ.”

ಅರ್ಜಿಯಣ್ಣ ಮೊದಲ ವರ್ಷದಲ್ಲೇ ತೊಂಬತ್ತು ಸಲ ಬರೆದ. ಏನು ಮಾಡೋದು, ಗಿರಾಕಿಗಳಿಗೆ ಅದರ ಸದ್ದೇ ಇಷ್ಟ. “ಅಣ್ಣಾ, ಕೊನೇಲಿ ಚ್ ಅಂತ ಬರುತ್ತಲ್ಲ, ಅದನ್ನ ಹಾಕಿದೀರಾ ತಾನೇ?” ಅಂತ ಕೇಳಿ ಕೇಳಿ ಹಾಕಿಸಿಕೊಳ್ಳುವರು. ಹಾಕದಿದ್ದರೆ ಉಪ್ಪಿಲ್ಲದ ಊಟ ಬಡಿಸಿದ ಹಾಗೆ ಮುಖ ಮಾಡುವರು. ಹೆಸರು ತಿದ್ದಿಸುವ ಅರ್ಜಿಗೂ ಬಿಸೀಚ್, ವಿಳಾಸ ಬದಲಾಯಿಸುವ ಅರ್ಜಿಗೂ ಬಿಸೀಚ್. ಬರುಬರುತ್ತಾ ಎಷ್ಟು ರೂಢಿಯಾಯಿತು ಅಂದರೆ, ಕಾಗದದ ತುದಿ ಹತ್ತಿರ ಬಂದರೆ ಸಾಕು, ತಲೆ ಎಲ್ಲೇ ಇರಲಿ, ಕೈ ತಾನೇ ಆ ಸಾಲು ಹೊಡೆದುಬಿಡುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಕಾಜಾ ಅಜ್ಜಿ ವಾಕರ್ ಕುಟ್ಟಿಕೊಂಡು ಬಂದಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿದವಳು. ಅದಕ್ಕೇ ಆ ಹೆಸರು. ಸ್ಟೂಲಿನ ಮೇಲೆ ಕೂತವಳೇ ಅರ್ಜಿಯಣ್ಣನ ಎದೆಯ ಕಡೆ ನೋಡಿ, “ಆ ಎರಡನೇ ಗುಂಡಿ ಹಾಕಿದೋರು ಯಾರಪ್ಪಾ? ಇನ್ನೆರಡು ದಿನದಲ್ಲಿ ಬೀಳುತ್ತೆ” ಅಂದಳು.

“ನಮ್ಮನೆಯವಳು ಹಾಕಿದ್ದು ಅಜ್ಜಿ. ಅವಳ ಮುಂದೆ ಹಾಗನ್ನಬೇಡಿ. ಏನು ಕೇಳಬೇಕು, ಹೇಳಿ, ಬರೀತೀನಿ.”

“ಏನೂ ಕೇಳಬೇಕಾಗಿಲ್ಲ. ಒಬ್ಬರಿಗೆ ಥ್ಯಾಂಕ್ಸ್ ಹೇಳ್ಬೇಕು. ಅವರ ಮೇಲಿನೋರಿಗೂ ಗೊತ್ತಾಗೋ ಹಾಗೆ ಹೇಳ್ಬೇಕು.”

ಅರ್ಜಿಯಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಇಪ್ಪತ್ತೆಂಟು ವರ್ಷದಲ್ಲಿ ಇಂಥ ಗಿರಾಕಿ ಬಂದಿರಲಿಲ್ಲ.

ಅಜ್ಜಿ ಹೇಳಿದ್ದು ಇಷ್ಟು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಖುದ್ದಾಗಿ ಬಂದು, ತಾವು ಬದುಕಿದ್ದೀವಿ ಅಂತ ಕಚೇರಿಯ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಕೊನೇ ತಾರೀಕು ದಾಟಿದರೆ ಪಿಂಚಣಿ ನಿಂತಿತು. ಮತ್ತೆ ಶುರು ಮಾಡಿಸೋಕೆ ಒಂದು ವರ್ಷ ಅಲೆದಾಟ. ಈ ಸಲ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮಲಗಿದ್ದಳು. ಮನೆ ನಾಲ್ಕನೇ ಮಹಡಿ. ಪಕ್ಕದ ಮನೆಯವಳು ಕೌಂಟರಿಗೆ ಬಂದು ವಿಷಯ ಹೇಳಿ ಹೋಗಿದ್ದಳು. ಕೊನೇ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಚಿಲಕ ಹಾಕದೆ ಮುಂದೆ ಮಾಡಿದ್ದ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಎರಡನೇ ಕೌಂಟರಿನ ಗುಮಾಸ್ತ, ಕಂಕುಳಲ್ಲಿ ರಿಜಿಸ್ಟರು!

“ಯಾರು, ಗುಮ್ಮನಾ?” ಅರ್ಜಿಯಣ್ಣನ ಬಾಯಿಂದ ಬಂದೇಬಿಟ್ಟಿತು. ಆ ಗುಮಾಸ್ತನಿಗೆ ಇಡೀ ವರಾಂಡ ಇಟ್ಟ ಹೆಸರು ಅದು. ಅವನು ನಕ್ಕಿದ್ದನ್ನು ಕಂಡವರಿರಲಿಲ್ಲ. ‘ಮುಂದಿನವರು’ ಅನ್ನುವ ಒಂದು ಮಾತಲ್ಲೇ ಅವನ ದಿನ ಮುಗಿಯುತ್ತಿತ್ತು.

“ಅವರೇ. ಏದುಸಿರು ಬಿಡ್ತಾ ‘ಸಹಿ ಹಾಕಿ’ ಅಂದ್ರು. ಹಾಕ್ದೆ. ನೀರು ಕೊಡೋಣ ಅಂದ್ರೆ ನನಗೆ ಏಳೋಕಾಗಲ್ಲ. ಅವರೇ ಬಿಂದಿಗೆಯಿಂದ ಎರಡು ಲೋಟ ತುಂಬಿಸಿ ತಂದು, ನನಗೊಂದು ಕೊಟ್ಟು, ತಾವೊಂದು ಕುಡಿದ್ರು. ನಾನು ಬಾಯಿ ತೆಗೆಯೋಷ್ಟರಲ್ಲಿ ಇಳಿದೇ ಹೋದ್ರು. ಆವತ್ತಿಂದ ಆ ಮಾತು ನನ್ನ ಹೊಟ್ಟೇಲೇ ಕೂತಿದೆ ಕಣಪ್ಪ. ಹೇಳದೆ ಸತ್ತರೆ ಚೆನ್ನಾಗಿರಲ್ಲ, ಅಲ್ವಾ?”

ಅರ್ಜಿಯಣ್ಣ ಮೆಶೀನಿಗೆ ಹೊಸ ಕಾಗದ ಏರಿಸಿದ. ಅಜ್ಜಿ ಹೇಳಿದ್ದನ್ನು ಒಂದೂ ಬಿಡದೆ ಟೈಪ್ ಮಾಡಿದ. ರಿಜಿಸ್ಟರು, ನಾಲ್ಕು ಮಹಡಿ, ಎರಡು ಲೋಟ ನೀರು, ಎಲ್ಲ. ಕಾಗದದ ತುದಿ ಬಂತು. ಕೈ ತನ್ನ ಪಾಡಿಗೆ ತಾನು ಹೊಡೆಯಿತು: ತಾವು ಈ ವಿಷಯವನ್ನು ದಯಮಾಡಿ ಪರಿಶೀಲಿಸಬೇಕೆಂದು ಐ ಬಿಸೀಚ್ ಯು. ಹಿಂದೆ ಏಳೆಂಟು ಜನ ಸಾಲುಗಟ್ಟಿ ನಿಂತು ಗೊಣಗುತ್ತಿದ್ದರು. ಓದಿ ಹೇಳುವಾಗ, ಆ ಕೊನೇ ಸಾಲು ಇದ್ದದ್ದೇ ಅಲ್ಲವಾ ಅಂತ ಹಾರಿಸಿದ. ಅಜ್ಜಿ ಸಹಿ ಹಾಕಿದಳು, ಅವನೂ ಹಾಕಿದ. ದುಡ್ಡು ಬೇಡ ಅಂದ. “ನಿನ್ನ ಹೊಟ್ಟೆ ತಣ್ಣಗಿರಲಿ” ಅಂತ ಅಜ್ಜಿ ಹೋದಳು. ಅರ್ಜಿಯಣ್ಣನಿಗೆ ಆ ದಿನವೆಲ್ಲ ಹೊಟ್ಟೆ ತಣ್ಣಗೇ ಇತ್ತು.

ಎರಡು ವಾರ ಕಳೆದು ಗುಮ್ಮ ಮೆಟ್ಟಿಲಿಳಿದು ಬಂದು ಅದೇ ಸ್ಟೂಲಿನ ಮೇಲೆ ಕೂತ. ಕೈಯಲ್ಲೊಂದು ನೋಟೀಸು, ಅದರ ಹಿಂದೆ ಪಿನ್ನು ಚುಚ್ಚಿದ ಅಜ್ಜಿಯ ಕಾಗದ.

“ಇದು ನಿಮ್ಮ ಮೆಶೀನಿಂದೇ ತಾನೇ?”

“ಹೌದು ಸಾರ್. ಅಜ್ಜಿ ಎಷ್ಟು ಚೆನ್ನಾಗಿ ಹೇಳಿದ್ರು ನಿಮ್ಮ ಬಗ್ಗೆ!”

“ಚೆನ್ನಾಗೇ ಹೇಳಿದಾರೆ. ಆದ್ರೆ ನೋಡಿ, ಬರೀ ತಿಳಿಸೋ ಕಾಗದ ಆಗಿದ್ರೆ ಮೇಲೆ ಯಾರಾದ್ರೂ ಒಂದು ಸಲ ಕಣ್ಣಾಡಿಸಿ ಕಡತಕ್ಕೆ ಸೇರಿಸ್ತಿದ್ರು. ಕೊನೇಲಿ ಬೇಡಿಕೆ ಇದೆ. ಬೇಡಿಕೆ ಇದ್ರೆ ಅದು ಅರ್ಜಿ. ಅರ್ಜಿಗೆ ನಂಬರು ಬೀಳುತ್ತೆ, ನಂಬರು ಬಿದ್ಮೇಲೆ ಮೂವತ್ತು ದಿನದಲ್ಲಿ ವಿಚಾರಣೆ ಆಗ್ಲೇಬೇಕು. ವಿಚಾರಣೆಗೆ ಅಂತ ಕೂತು ಓದಿದೋರಿಗೆ ಕಂಡಿದ್ದು ರಿಜಿಸ್ಟರು. ರಿಜಿಸ್ಟರು ಕಚೇರಿ ಹೊಸಿಲು ದಾಟೋ ಹಾಗಿಲ್ಲ. ದಾಟಿಸಿದೋರನ್ನ ಕೆಲಸದಿಂದ ತೆಗೀತಾರೆ. ಹೋದ ವರ್ಷ ರೆಕಾರ್ಡ್ ರೂಮಿನೋರೊಬ್ಬರು ಹಾಗೇ ಹೋದ್ರು.” ಗುಮ್ಮ ಇಷ್ಟುದ್ದ ಮಾತಾಡಿದ್ದನ್ನು ಅರ್ಜಿಯಣ್ಣ ಕೇಳಿದ್ದು ಅದೇ ಮೊದಲು. “ಸೋಮವಾರ ದೊಡ್ಡ ಮೇಡಂ ಮುಂದೆ ವಿಚಾರಣೆ. ಒಯ್ದಿದ್ದು ನಿಜ, ಒಯ್ದಿಲ್ಲ ಅಂತ ನಾನು ಹೇಳಲ್ಲ. ನಿಮ್ಮ ಹತ್ರ ಬಂದಿದ್ದು ಅದಕ್ಕಲ್ಲ. ಅಜ್ಜಿಗೆ ಇದನ್ನ ಹೇಳ್ಬೇಡಿ. ನೊಂದ್ಕೋತಾರೆ.”

ಅಯ್ಯೋ ನನ್ನ ಕೈ ಸೇದಿಹೋಗ, ಅಂತ ಅರ್ಜಿಯಣ್ಣ ಮನಸ್ಸಿನಲ್ಲೇ ಬೈದುಕೊಂಡ. ಇಬ್ಬರು ಮಕ್ಕಳ ತಂದೆ, ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು, ಈಗ ತನ್ನ ಒಂದು ಸಾಲಿನಿಂದ ಬೀದಿಗೆ ಬರುತ್ತಾನೆ. ಅಂಥ ಹೊತ್ತಿನಲ್ಲೂ ಅಜ್ಜಿ ನೊಂದುಕೊಳ್ಳಬಾರದು ಅಂತ ಹೇಳೋಕೆ ಮೆಟ್ಟಿಲಿಳಿದು ಬಂದಿದ್ದಾನೆ. ಇವನಿಗೆ ನಾವು ಗುಮ್ಮ ಅಂತ ಹೆಸರಿಟ್ಟೆವಲ್ಲ, ನಮಗೇನು ಹೇಳೋಣ!

ಹೇಳಬೇಡಿ ಅಂದರೂ ಅರ್ಜಿಯಣ್ಣನಿಗೆ ತಡೆಯಲಾಗಲಿಲ್ಲ. ಆವತ್ತೇ ಸಂಜೆ ಅಜ್ಜಿಯ ಮನೆ ಹುಡುಕಿಕೊಂಡು ಹೋದ. ಬರಿಗೈಯಲ್ಲಿ ಹತ್ತುವುದರಲ್ಲೇ ಮೂರನೇ ಮಹಡಿಗೆ ಮಂಡಿ ನಡುಗಿತು. ಗುಮ್ಮ ಆ ದಪ್ಪ ರಿಜಿಸ್ಟರು ಹೊತ್ತು ಹತ್ತಿದ್ದನಲ್ಲ ಅಂತ ನೆನೆಸಿಕೊಂಡು ನಾಲ್ಕನೆಯದನ್ನೂ ಹತ್ತಿದ. ಒಂದೇ ಕೋಣೆ. ಕಿಟಕಿ ಹತ್ತಿರ ಮಂಚ, ಅದರ ಪಕ್ಕ ಹೊಲಿಗೆ ಮೆಶೀನು, ಕಪಾಟಿನ ತುಂಬ ಗಾಜಿನ ಸೀಸೆಗಳಲ್ಲಿ ಬಣ್ಣಬಣ್ಣದ ಗುಂಡಿ. ವಿಷಯ ಹೇಳಿ ಮುಗಿಸುವ ಹೊತ್ತಿಗೆ ಅಜ್ಜಿಯ ಮುಖ ಕೆಂಪಗಾಗಿತ್ತು.

“ಏನು ಬರೆದಿದ್ದೆ ಕೊನೇಲಿ? ನಮ್ಮ ಮಾತಲ್ಲಿ ಹೇಳು.”

“ಬಿಸೀಚ್ ಅಂತ ಅಜ್ಜಿ. ಹಾಗಂದ್ರೆ... ಕೋರೋದು.”

“ಕೋರೋದು ಅಂದ್ರೆ ಮದುವೆ ಕಾಗದದಲ್ಲಿ ಬರೀತಾರಲ್ಲ, ಆಗಮನ ಕೋರುವವರು, ಅದಾ?”

“ಅಲ್ಲ. ಅದಕ್ಕಿಂತ ಜಾಸ್ತಿ. ಬೇಡೋದು.”

“ಬೇಡೋದು ಅಂದ್ರೆ ಹೇಗೆ ಬೇಡೋದು? ದೇವರ ಹತ್ರ ಬೇಡ್ತೀವಲ್ಲ, ಹಾಗಾ? ಮನೆ ಮನೆಗೆ ಹೋಗಿ ಬೇಡ್ತಾರಲ್ಲ, ಹಾಗಾ?”

“ಅಂಗಲಾಚೋದು ಅಜ್ಜಿ. ಗೋಗರೆಯೋದು. ದಮ್ಮಯ್ಯ ಅನ್ನೋದು.” ಅರ್ಜಿಯಣ್ಣ ತಲೆ ತಗ್ಗಿಸಿದ. ಒಂದು ಇಂಗ್ಲಿಷ್ ಪದಕ್ಕೆ ತನ್ನ ಭಾಷೆಯಲ್ಲಿ ಎಷ್ಟು ಮಾತಿದೆಯೋ ಅಷ್ಟೂ ಮಾತು ಆ ಕೋಣೆಯಲ್ಲಿ ತನ್ನ ಮೇಲೇ ಬಿದ್ದ ಹಾಗಾಯಿತು.

“ಅಲ್ಲೋ ಮಹರಾಯಾ! ನಾನು ಥ್ಯಾಂಕ್ಸ್ ಹೇಳು ಅಂದ್ರೆ ನೀನು ನನ್ನ ಹೆಸರಲ್ಲಿ ಹೋಗಿ ಅಂಗಲಾಚಿ ಬಂದಿದೀಯಲ್ಲೋ! ಮೂವತ್ತಾರು ವರ್ಷ ದುಡಿದಿದೀನಿ, ಮೇಸ್ತ್ರಿ ಹತ್ರ ಒಂದು ದಿನ ಹಲ್ಲುಗಿಂಜಿಲ್ಲ. ಆ ಪುಣ್ಯಾತ್ಮ ಬಂದಿದ್ದೂ ನಾನು ಬೇಡದೇನೇ. ಬೇಡದೆ ಸಿಕ್ಕಿದ್ದಕ್ಕೇ ಅಲ್ವೇನೋ ನಾನು ಅಷ್ಟು ಹಿಗ್ಗಿದ್ದು?” ಅಜ್ಜಿ ಕಣ್ಣೊರೆಸಿಕೊಂಡಳು. ಆಮೇಲೆ, “ಸೋಮವಾರ ಎಷ್ಟು ಗಂಟೆಗೆ?” ಅಂದಳು.

“ಹತ್ತೂವರೆಗೆ. ಆದ್ರೆ ಅಜ್ಜಿ, ಮೇಡಂ ಕೋಣೆ ಎರಡನೇ ಮಹಡಿ. ಲಿಫ್ಟ್ ಇಲ್ಲ.”

“ಇಲ್ಲಿಂದ ಕೆಳಕ್ಕೆ ಹೋದ ಸಲದ ಹಾಗೇ ಪಕ್ಕದ ಮನೆ ಹುಡುಗರು ಹೊತ್ತು ಇಳಿಸ್ತಾರೆ. ಅಲ್ಲಿ ಮೇಲಕ್ಕೆ ಹೋಗೋದು ಹೇಗೆ ಅಂತ ನೀನು ಯೋಚನೆ ಮಾಡು. ಮೇಲೆ ಹೋಗಿ ಏನು ಹೇಳ್ಬೇಕು ಅಂತ ನಾನು ಯೋಚನೆ ಮಾಡ್ತೀನಿ.”

ಏನು ಹೇಳಬೇಕು ಅನ್ನುವುದು ಅರ್ಜಿಯಣ್ಣನಿಗೆ ಆಗಲೇ ಗೊತ್ತಿತ್ತು. ಆ ಸಾಲು ಅಜ್ಜಿಯದಲ್ಲ, ನನ್ನದು. ಓದದೆ ಸಹಿ ಹಾಕಿಸಿಕೊಂಡೆ. ಇಷ್ಟು ಹೇಳಿದರೆ ಅದು ಅರ್ಜಿಯೇ ಅಲ್ಲ ಅಂತಾಗುತ್ತದೆ, ವಿಚಾರಣೆ ನಿಲ್ಲಬಹುದು. ಆದರೆ ತನ್ನ ಪರವಾನಗಿ ಹೋದರೂ ಹೋಗಬಹುದು. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. “ನಮ್ಮಪ್ಪ ಇದ್ದಿದ್ರೆ ನಿಮ್ಮ ಕಿವಿ ಹಿಂಡಿ ಕರ್ಕೊಂಡು ಹೋಗ್ತಿದ್ರು. ಅವರಿಲ್ಲ, ನೀವೇ ಹೋಗಿ. ಮೇಜು ಹೋದ್ರೆ ಬೇರೆ ವರಾಂಡ ನೋಡೋಣ” ಅಂದಳು. ಆ ಮಾತಿಗೆ ಅರ್ಜಿಯಣ್ಣ ಅವಳಿಗೆ ಋಣಿಯಾದ. ಬಾಯಿಬಿಟ್ಟು ಹೇಳಲಿಲ್ಲ, ಗಂಡಸರ ಹಣೆಬರಹ.

ಸೋಮವಾರ ಅಜ್ಜಿಯನ್ನು ಮೇಲೆ ಹತ್ತಿಸಿದ್ದೇ ಒಂದು ಕತೆ. ಅಜ್ಜಿಯನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ ಒಂದು ಕಡೆ ಅರ್ಜಿಯಣ್ಣ ಹಿಡಿದ. ಇನ್ನೊಂದು ಕಡೆಗೆ ಯಾರು ಅಂತ ನೋಡುತ್ತಿರುವಾಗ ಗುಮ್ಮನೇ ಬಂದು ತೋಳು ಮಡಚಿದ. ಆರೋಪಿಯೇ ಸಾಕ್ಷಿಯನ್ನು ಹೊತ್ತು ತಂದದ್ದನ್ನು ಆ ಕಚೇರಿ ಅಂದೇ ಕಂಡದ್ದು. “ನಿಧಾನ, ನಿಧಾನ, ಇನ್ನೊಂದು ಕಾಲು ಮುರಿದ್ರೆ ಇನ್ನೊಂದು ಕಾಗದ ಬರೀಬೇಕಾಗುತ್ತೆ” ಅಂತ ಅಜ್ಜಿ. ಗುಮ್ಮ ಮುಖ ಆಚೆ ತಿರುಗಿಸಿದ. ನಕ್ಕನೋ ಏನೋ, ಅರ್ಜಿಯಣ್ಣನಿಗೆ ಕಾಣಲಿಲ್ಲ.

ದೊಡ್ಡ ಮೇಡಂ ಕನ್ನಡಕದ ಮೇಲಿಂದ ಮೂವರನ್ನೂ ನೋಡಿದರು. “ಅರ್ಜಿದಾರರು ನೀವೇನಾ ಅಮ್ಮ? ನಿಮ್ಮ ಬೇಡಿಕೆ ಏನು?”

“ಏನೂ ಇಲ್ಲ ತಾಯಿ. ಇವರು ಬಂದ್ರು, ನಾನು ಉಳ್ಕೊಂಡೆ. ಅದನ್ನ ಹೇಳ್ಬೇಕಿತ್ತು, ಅಷ್ಟೇ.”

“ಮತ್ತೆ ಈ ಕೊನೇ ಸಾಲು?”

ಅರ್ಜಿಯಣ್ಣ ಒಂದು ಹೆಜ್ಜೆ ಮುಂದೆ ಬಂದ. “ಅದು ಅವರದಲ್ಲ ಮೇಡಂ, ನಂದು. ಅಭ್ಯಾಸಬಲ. ಅವರಿಗೆ ಓದಿ ಹೇಳ್ಲೂ ಇಲ್ಲ.”

“ಓದಿ ವಿವರಿಸಲಾಗಿದೆ ಅಂತ ಸಹಿ ಹಾಕಿದೀರಿ.”

“ಹಾಕಿದೀನಿ. ಸುಳ್ಳು ಸಹಿ.”

“ಅದಕ್ಕೇನಾಗುತ್ತೆ ಅಂತ ಗೊತ್ತಾ?”

“ಗೊತ್ತು ಮೇಡಂ.”

ಮೇಡಂ ಕಾಗದವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದರು. “ಸರಿ. ಬೇಡಿಕೆ ಅವರದಲ್ಲ ಅಂದ್ಮೇಲೆ ಇದು ಅರ್ಜಿ ಅಲ್ಲ. ನಂಬರು ಹೊಡೆದುಹಾಕಬಹುದು. ಆದ್ರೆ ರಿಜಿಸ್ಟರು ಹೊರಗೆ ಹೋಗಿದ್ದು ನನಗೆ ಗೊತ್ತಾಗಿಹೋಗಿದೆ. ಗೊತ್ತಾಗಿದ್ದನ್ನ ಗೊತ್ತಿಲ್ಲ ಅಂತ ಹೇಗೆ ಹೇಳಲಿ? ಯಾವ ನಿಯಮ ಇದೆ ನಿಮ್ಮ ಕಡೆ, ಹೇಳಿ.”

ಯಾವುದೂ ಇರಲಿಲ್ಲ. ಗುಮ್ಮ ಗೋಡೆ ನೋಡುತ್ತಾ ನಿಂತಿದ್ದ. ಕುರ್ಚಿಯ ಕೈ ಊರಿ ಅಜ್ಜಿ ಏಳೋಕೆ ಹೊರಟಳು. ಕೈ ಜೋಡಿಸೋಕೆ ಏಳುತ್ತಿದ್ದಾಳೆ ಅಂತ ಅರ್ಜಿಯಣ್ಣನಿಗೆ ತಿಳಿಯಿತು. ಜೀವಮಾನದಲ್ಲಿ ಯಾರ ಮುಂದೆಯೂ ಬೇಡದವಳು. ಅವಳ ಭುಜ ಹಿಡಿದು ಮೆಲ್ಲಗೆ ಕೂರಿಸಿದ. ಸಾವಿರಾರು ಜನರ ಹೆಸರಿನಲ್ಲಿ ಆ ಇಂಗ್ಲಿಷ್ ಮಾತನ್ನು ಹೊಡೆದವನಿಗೆ ಈಗ ಒಂದು ಇಂಗ್ಲಿಷ್ ಅಕ್ಷರವೂ ಬಾಯಿಗೆ ಬರಲಿಲ್ಲ.

“ದಮ್ಮಯ್ಯ ಮೇಡಂ,” ಅಂದ. “ನಿಯಮ ನಮ್ಮ ಕಡೆ ಇಲ್ಲ. ನಮ್ಮ ಕೈಯಲ್ಲಿ ಏನೂ ಇಲ್ಲ. ನೀವು ಮನಸ್ಸು ಮಾಡಿದ್ರೆ ಮಾತ್ರ. ನನ್ನ ಮೇಜು ತೆಗೆಸಿ, ನಾನು ತಪ್ಪು ಮಾಡಿದೀನಿ. ಇವರ ಕೆಲಸ ತೆಗೀಬೇಡಿ. ಇವರು ಮಾಡಿದ್ದು ತಪ್ಪೇ ಇರಬಹುದು, ಆದ್ರೆ ಇಂಥ ತಪ್ಪು ಮಾಡೋರು ನಮಗೆ ಇನ್ನೆಲ್ಲಿ ಸಿಗ್ತಾರೆ? ಬೇಡ್ಕೋತೀನಿ ಮೇಡಂ.” ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಅದು ಅವನ ಹೆಸರಿನಲ್ಲಿ ಅವನೇ ಮಾಡಿಕೊಂಡ ಮೊದಲ ಅರ್ಜಿ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗುಮ್ಮನ ಕಡೆ ತಿರುಗಿದರು. “ರಿಜಿಸ್ಟರು ಯಾವಾಗ ವಾಪಸ್ ಬಂತು?”

“ಊಟದ ಹೊತ್ತು ಮುಗಿಯೋಕೆ ಹತ್ತು ನಿಮಿಷ ಮೊದಲು ಮೇಡಂ.”

“ಊಟ ಯಾವಾಗ ಮಾಡಿದ್ರಿ?”

“ಆವತ್ತು ಮಾಡ್ಲಿಲ್ಲ.”

ಮೇಡಂ ಪೆನ್ನು ತೆಗೆದು ನಂಬರಿನ ಮೇಲೆ ಗೀಟು ಎಳೆದರು. “ಇನ್ನೊಮ್ಮೆ ಹೀಗೆ ಮಾಡಿದ್ರೆ ನಾನು ಸುಮ್ನಿರಲ್ಲ, ಇದು ಎಚ್ಚರಿಕೆ. ಬಾಯಿಮಾತಿನ ಎಚ್ಚರಿಕೆ, ಬರೆಯಲ್ಲ. ಹಾಸಿಗೆ ಹಿಡಿದೋರ ಮನೆಗೆ ಇಬ್ಬರನ್ನ ಕಳಿಸೋ ಹಾಗೆ ಒಂದು ಆದೇಶ ಬೇಕು ಅಂತ ನಾನೇ ಮೇಲಕ್ಕೆ ಬರೀತೀನಿ.” ಆಮೇಲೆ ಅರ್ಜಿಯಣ್ಣನಿಗೆ, “ನೀವು ಒಂದು ತಿಂಗಳು ಮೆಶೀನು ಮುಟ್ಟೋ ಹಾಗಿಲ್ಲ” ಅಂದರು. ಕೊನೆಗೆ ಅಜ್ಜಿಯನ್ನು ನೋಡಿ ಅವರ ಮುಖ ಸಡಿಲವಾಯಿತು. “ಇಲ್ಲಿ ಕೂತು ಹದಿನೇಳು ವರ್ಷ ಆಯ್ತಮ್ಮ. ಏನೂ ಬೇಡ ಅಂತ ಬಂದೋರು ನೀವೊಬ್ಬರೇ.”

ಮತ್ತೆ ಕುರ್ಚಿ ಹೊತ್ತು ಇಳಿದರು. ಮೊದಲ ಮಹಡಿಯ ತಿರುವಿನಲ್ಲಿ ಗುಮ್ಮ, “ಒಂದು ನಿಮಿಷ ಇಳಿಸೋಣ” ಅಂದ. ಸುಸ್ತಾಗಿರಬೇಕು ಅಂದುಕೊಂಡು ಅರ್ಜಿಯಣ್ಣ ಇಳಿಸಿದ. ಅಜ್ಜಿ ಗುಮ್ಮನ ಕೈ ಹಿಡಿದುಕೊಂಡಳು. “ನನ್ನಿಂದ ನಿಮಗೆ ಎಷ್ಟು ತೊಂದರೆ ಆಯ್ತಪ್ಪಾ.”

ಹಾಗೇನಿಲ್ಲ ಅನ್ನುವಂತೆ ಗುಮ್ಮ ತಲೆಯಾಡಿಸಿದ. ಆಮೇಲೆ ಅರ್ಜಿಯಣ್ಣನ ಕಡೆ ತಿರುಗಿ, ಕೌಂಟರಿನ ಆಚೆ ನಿಂತ ಯಾರೋ ಬಡವನ ಹಾಗೆ, ಅಂಜುತ್ತಾ ಕೇಳಿದ:

“ಆ ಕಾಗದ ಕಡತಕ್ಕೆ ಹೋಗುತ್ತೆ. ನನಗೊಂದು ಬರೆದುಕೊಡ್ತೀರಾ? ಮೊದಲನೇ ಸಲ ಅದನ್ನ ಓದಿದಾಗ ನೋಟೀಸು ಇದೆ ಅನ್ನೋದೇ ಮರೆತುಹೋಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಏನೂ ಬರೆದಿರ್ಲಿಲ್ಲ. ಮನೇಲಿ ಮಕ್ಕಳಿಗೆ ತೋರಿಸ್ಬೇಕು.”

ಮೆಶೀನು ಮುಟ್ಟುವ ಹಾಗಿರಲಿಲ್ಲ. ಅರ್ಜಿಯಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತು, ಮಂಡಿಯ ಮೇಲೆ ಕಾಗದ ಇಟ್ಟುಕೊಂಡು, ಕೈಬರಹದಲ್ಲಿ, ಅಜ್ಜಿ ಆಡುವ ಮಾತಿನಲ್ಲೇ ಬರೆಯಲು ಶುರು ಮಾಡಿದ. ಅಜ್ಜಿ ಒಂದೊಂದೇ ಸಾಲು ಹೇಳಿದಳು, ಅವನು ಒಂದೊಂದೇ ಸಾಲು ಬರೆದು ಗಟ್ಟಿಯಾಗಿ ಓದಿದ. ಎರಡನೇ ಕೌಂಟರಿನ ಗುಮಾಸ್ತ ಗೋಡೆಗೆ ಒರಗಿ, ಕರ್ಚೀಫಿನಿಂದ ಮುಖ ಮುಚ್ಚಿಕೊಂಡು, ಪೂರ್ತಿ ಕೇಳಿಸಿಕೊಂಡ.